ಬಿನ್ನೆತ್ತಿಯ ಬೇಕು, ಬ್ಯಾಡ

ದಾಂಡೇಲಿಯ ಆ ಶಾಲೆಗೆ ನಾನು ಸೇರಿದ್ದು ಮಕ್ಕಳಿಗೆ ಕಲಿಸುವ ಆಸೆಯಿಂದಲ್ಲ. ಗಂಡ ಟೈಫಾಯಿಡ್ ಜ್ವರದಲ್ಲಿ ತೀರಿಕೊಂಡ ಮೇಲೆ ನಾನು ಮನೆಯ ಮೂಲೆಯಲ್ಲಿ ಕೂತದ್ದನ್ನು ನೋಡಿ ನೋಡಿ ಅತ್ತೆಗೆ ಸಾಕಾಗಿತ್ತು. "ಮದುವಿಗಿಂತ ಮೊದಲ ಟ್ರೇನಿಂಗ್ ಮುಗಿಸೀದಿ. ಯಾವದರೆ ಸಾಲ್ಯಾಗ ಹೋಗಿ ಕೂಡು ತಂಗಿ. ಇಲ್ಲೆ ಕೂಡೂದು ಅಲ್ಲೆ ಕೂಡು," ಎಂದರು ಒಂದು ದಿನ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಕಾಗದದ ಗಿರಣಿಯಲ್ಲಿ ಕೆಲಸಕ್ಕಿದ್ದ ಮೈದುನ ಅರ್ಜಿ ಬರೆದ, ಓಡಾಡಿದ. ಸಹಿ ಮಾತ್ರ ನನ್ನದು.

ಆಗ ನನಗೆ ಎಂಥ ಜಡ ಹಿಡಿದಿತ್ತೆಂದರೆ ಎರಡರಲ್ಲಿ ಒಂದನ್ನು ಆರಿಸುವುದು ಆಗುತ್ತಿರಲಿಲ್ಲ. ಬೆಳಿಗ್ಗೆ ಅತ್ತೆ, "ಬದನಿಕಾಯಿ ಮಾಡ್ಲೋ, ಹೆಸರಕಾಳ ಮಾಡ್ಲೋ?" ಎಂದು ಕೇಳಿದರೆ, "ಏನರೆ ಮಾಡ್ರಿ," ಎನ್ನುತ್ತಿದ್ದೆ. ಮಾಡಿದ್ದನ್ನು ಉಣ್ಣುತ್ತಿದ್ದೆ. ಉಪ್ಪು ಹೆಚ್ಚಾಗಿದೆಯೆಂದು ಮೈದುನ ಮುಖ ಹುಳ್ಳಗೆ ಮಾಡಿದಾಗ, ಹೌದೇನೋ ಎಂದು ಇನ್ನೊಂದು ತುತ್ತು ಬಾಯಿಗಿಟ್ಟು ನೋಡುತ್ತಿದ್ದೆ. ನಾನು ಅತ್ತಿರಲಿಲ್ಲ. ಅಳದಿದ್ದುದಕ್ಕೆ ನಮ್ಮ ಸಾಲುಮನೆ ಚಾಳಿನ ಹೆಂಗಸರು ಏನೇನೋ ಆಡಿಕೊಂಡರು. ಅದೂ ಕಿವಿಗೆ ಬಿತ್ತು, ಬಿದ್ದು ಹಾಗೇ ಹೋಯಿತು.

ಶಾಲೆ ನಮ್ಮ ಚಾಳುಗಳಿಗೂ ಮರ ಬಿದಿರು ಒಟ್ಟುವ ನಾಟಾ ಡಿಪೋಕ್ಕೂ ನಡುವೆ ಇತ್ತು. ಹೆಂಚಿನ ಒಂದೇ ಉದ್ದನೆಯ ಕೋಣೆ, ನಡುವೆ ಎದೆಮಟ್ಟದ ಗೋಡೆ, ಮುಂದೆ ಜಗಲಿ, ಜಗಲಿಗೆ ಕಲ್ಲಿನ ಪಾವಟಿಗೆಗಳು. ಗೋಡೆಯ ಆಚೆ ದೊಡ್ಡ ಮಕ್ಕಳಿಗೆ ಹೆಡ್ ಮಾಸ್ತರು. ಈಚೆ ಒಂದನೆಯ ಇಯತ್ತೆ ಮತ್ತು ಅದಕ್ಕೂ ಕೆಳಗಿನ ಬಿನ್ನೆತ್ತಿ ನನ್ನ ಪಾಲಿಗೆ. ಬಿನ್ನೆತ್ತಿ ಎಂದರೆ ಇನ್ನೂ ಯಾವ ಇಯತ್ತೆಯೂ ಅಲ್ಲದ್ದು. ಮೂಗು ಒರೆಸಿಕೊಳ್ಳಲು ಬಾರದ, ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬಾರದ ಮಕ್ಕಳು ಅಲ್ಲಿ ಅ ಆ ತಿದ್ದುತ್ತಿದ್ದವು. ಗಿರಣಿಯ ಕೆಲಸಕ್ಕೆ ಧಾರವಾಡ, ಬೆಳಗಾವಿ ಕಡೆಯಿಂದ ಬಂದವರ ಮಕ್ಕಳೇ ಹೆಚ್ಚು. ಮನೆಯಲ್ಲಿ ಉರ್ದು ಆಡುವ ಲಾರಿ ಡ್ರೈವರುಗಳ ಮಕ್ಕಳು ಕೆಲವರು. ಮತ್ತೆ ಒಬ್ಬಳು, ಒಬ್ಬಳೇ ಒಬ್ಬಳು, ಈಗ ಜೋಯಿಡಾ ಎನ್ನುವ, ಆಗ ಸೂಪಾ ತಾಲೂಕು ಎನ್ನುತ್ತಿದ್ದ ಕಾಡಿನ ಕಡೆಯವಳು.

ಹೆಡ್ ಮಾಸ್ತರು ಬೆಳಗಾವಿ ಕಡೆಯವರು. ಕರೀ ಟೊಪ್ಪಿಗೆ, ಇಸ್ತ್ರಿ ಕಾಣದ ಕೋಟು. ನಾನು ಸೇರಿದ ದಿನವೇ ಹೇಳಿದರು: "ನನಗ ಮೂರ ಭಾಷಾ ಬರ್ತಾವ ನೋಡ್ರಿ ಅಕ್ಕೋರ. ಕನ್ನಡ, ಮರಾಠಿ, ಛಡಿ. ಮೂರನೇದ್ದು ಎಲ್ಲಾರಿಗೂ ತಿಳೀತೈತಿ." ಹೀಗೆ ಹೇಳಿ ತಾವೇ ನಕ್ಕರು. ಕೆಟ್ಟವರಲ್ಲ. ಛಡಿಯನ್ನು ಹೊಡೆಯುವುದಕ್ಕಿಂತ ಬೆನ್ನು ತುರಿಸಿಕೊಳ್ಳುವುದಕ್ಕೇ ಹೆಚ್ಚು ಬಳಸುತ್ತಿದ್ದರು. ಆದರೆ ಅವರಿಗೆ ಒಂದು ಸಲ ತಿಳಿದದ್ದು ತಿಳಿದೇ ಹೋಯಿತು, ಅದನ್ನು ಮತ್ತೆ ತೆಗೆದು ನೋಡುವ ಅಭ್ಯಾಸ ಇರಲಿಲ್ಲ.

ಸೂಪಾ ಕಡೆಯ ಆ ಹುಡುಗಿಯ ಅಪ್ಪ ಮಳೆಗಾಲದ ಮೊದಲಲ್ಲಿ ಒಂದು ಸಂಜೆ ಶಾಲೆಗೆ ಬಂದ. ತಲೆಯ ಮೇಲೆ ಕಂಬಳಿ ಕೊಪ್ಪೆ, ಮೊಳಕಾಲಿನ ತನಕ ಕೆಸರು. ಡಿಪೋದಲ್ಲಿ ಬಿದಿರು ಹೇರುವ ಆಳು. ಒಳಗೆ ಬನ್ನಿ ಎಂದರೂ ಬರದೆ ಬಾಗಿಲಲ್ಲೇ ನಿಂತು, ಅರ್ಧ ಕೊಂಕಣಿ ಅರ್ಧ ಡಿಪೋದ ಕನ್ನಡದಲ್ಲಿ ಹೆಡ್ ಮಾಸ್ತರಿಗೆ ಏನೋ ಹೇಳಿದ. ಅವನು ಹೋದ ಮೇಲೆ ಅವರು ನನಗೆ ತಿಳಿಸಿದರು. ಊರಿನಲ್ಲಿ ಕೂಸು ಹುಟ್ಟಿದೆ, ಅದನ್ನು ಆಡಿಸಲು ಈ ಹುಡುಗಿಯನ್ನು ಕಳಿಸು ಎಂದು ಹೆಂಡತಿ ಹೇಳಿ ಕಳಿಸುತ್ತಲೇ ಇದ್ದಾಳೆ. ಇವನಿಗೆ ಮಗಳು ನಾಲ್ಕು ಅಕ್ಷರ ಕಲಿಯಲಿ ಎಂಬ ಹಂಬಲ. ಆದರೆ ಹುಡುಗಿ ಬಿನ್ನೆತ್ತಿಯಲ್ಲೇ ಕೊಳೆಯುತ್ತಿದೆ. ಈ ವರ್ಷ ಮೇಲಕ್ಕೆ ಹೋದರೆ ಸರಿ, ಇಲ್ಲವಾದರೆ ಊರಿಗೆ. ಅವರ ಊರಿನಲ್ಲಿ ಶಾಲೆ ಇರಲಿಲ್ಲ.

"ನಿಮ್ಮ ಕೈಯಾಗೈತಿ ನೋಡ್ರಿ," ಎಂದರು ಹೆಡ್ ಮಾಸ್ತರು. ನನ್ನ ಕೈಯಲ್ಲಿ ಆಗ ಬೋರ್ಡಿನ ಮೇಲೆ ಬರೆಯುವ ಖಡುವಿನ ತುಂಡು ಬಿಟ್ಟರೆ ಬೇರೇನೂ ಇದ್ದಂತೆ ನನಗೆ ಅನಿಸಲಿಲ್ಲ.

ನಾನು ಕಲಿಸುವ ಹೊಸ ಪದ್ಧತಿಯ ಬಗ್ಗೆ ಮುಂದೆ ಕೆಲವರು ಕೇಳಿದ್ದುಂಟು. ಯಾವ ಶಿಬಿರದಲ್ಲಿ ಕಲಿತಿರಿ ಎಂದು ಕೇಳಿದ್ದಾರೆ. ಶಿಬಿರವೂ ಇಲ್ಲ, ಮಣ್ಣೂ ಇಲ್ಲ. ಒಂದು ಬೆಳಿಗ್ಗೆ ಬೋರ್ಡಿನ ಮುಂದೆ ಖಡು ಹಿಡಿದು ನಿಂತಿದ್ದೆ. ಅಕ್ಷರ ಬರೆಸಲೋ, ಮಗ್ಗಿ ಹೇಳಿಸಲೋ ಎಂದು ನಿರ್ಧಾರ ಮಾಡಲಾಗದೆ ಅಲ್ಲೇ ನಿಂತುಬಿಟ್ಟೆ. ಗಲಾಟೆ ಮಾಡುತ್ತಿದ್ದ ಮಕ್ಕಳು ಒಂದೊಂದಾಗಿ ಸುಮ್ಮನಾದವು. ಮುಂದಿನ ಸಾಲಿನ ಒಂದು ಮಗುವಿಗೆ ಹೆದರಿಕೆಯಾಗಿ ತುಟಿ ನಡುಗತೊಡಗಿತು. ಆಗ ನನ್ನ ಬಾಯಿಂದ ಬಂದದ್ದು ಇಷ್ಟೇ: "ನಿಮಗ ಏನ ಬೇಕೋ ಅದನ್ನ ಮಾಡ್ರಿ." ಹೇಳಿ ನೆಲದ ಮೇಲೆ ಕೂತುಬಿಟ್ಟೆ.

ಮಕ್ಕಳು ಮೊದಲು ನಂಬಲಿಲ್ಲ. ಆಮೇಲೆ ಕಾಲು ಸೊಟ್ಟಗಿದ್ದ ಒಬ್ಬ ಹುಡುಗ ಎದ್ದು ಕಿಟಕಿಯ ಹತ್ತಿರ ಹೋಗಿ, ಪಾಟಿಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ನಿಂತುಕೊಂಡು ಬರೆಯತೊಡಗಿದ. ಚಕ್ಕಳಮಕ್ಕಳ ಹಾಕಿ ಕೂರಲು ಅವನಿಗೆ ಆಗುತ್ತಿರಲಿಲ್ಲ. ಕೂರುವುದಿಲ್ಲ ಎಂದು ದಿನವೂ ಬೈಸಿಕೊಳ್ಳುತ್ತಿದ್ದ. ನಿಂತು ಬರೆದಾಗ ಅವನ ಅಕ್ಷರ ದುಂಡಗಿತ್ತು. ಮಾತು ತಡೆಯುವ ಇನ್ನೊಬ್ಬಳಿದ್ದಳು. ಅವಳು ಗೋಡೆಗೆ ಮುಖ ಮಾಡಿ ಎರಡರ ಮಗ್ಗಿಯನ್ನು ಹಾಡಿಕೊಂಡಳು, ಎಲ್ಲೂ ತಡೆಯಲಿಲ್ಲ. ಉಳಿದವರು ಹುಣಸೆಬೀಜ ಎಣಿಸಿದರು, ಜಗಳಾಡಿದರು, ಒಬ್ಬ ನಿದ್ದೆ ಹೋದ. ನಾನು ನೋಡುತ್ತ ಕೂತಿದ್ದೆ. ಸಂತೋಷವೇನೂ ಆಗಲಿಲ್ಲ. ಇವತ್ತು ಏನನ್ನೂ ಆರಿಸಬೇಕಾಗಲಿಲ್ಲವಲ್ಲ ಎಂದು ಹಗುರಾಯಿತು, ಅಷ್ಟೇ.

ಮರುದಿನವೂ ಹಾಗೆಯೇ ಮಾಡಿದೆ. ದಿನ ಕಳೆದಂತೆ ಅದಕ್ಕೊಂದು ರೀತಿ ಬಂತು. ಬೆಳಿಗ್ಗೆ ನೆಲದ ಮೇಲೆ ಸಾಮಾನು ಹರವುತ್ತಿದ್ದೆ: ಹುಣಸೆಬೀಜ, ಜೇಡಿಮಣ್ಣು, ಡಿಪೋದ ಕಡೆ ಬಿದ್ದಿರುತ್ತಿದ್ದ ಬಿದಿರಿನ ಸೀಳು, ಬಣ್ಣದ ಕಾಗದದ ಚೂರು, ಪಾಟಿ, ನೂಲು ತೆಗೆಯುವ ತಕಲಿ. ಒಬ್ಬೊಬ್ಬರನ್ನೇ ಕೇಳುತ್ತಿದ್ದೆ: "ನಿನಗ ಏನ ಬೇಕು?" ಎಂಟನ್ನು ಕಲಿಸಬೇಕೆಂದರೆ ಬೀಜ ಆರಿಸಿದವರು ಬೀಜದಲ್ಲಿ, ಮಣ್ಣು ಆರಿಸಿದವರು ಉಂಡೆಯಲ್ಲಿ ಎಂಟು ಮಾಡಿ ತೋರಿಸಬೇಕು. "ಬ್ಯಾಡ" ಎಂದವರಿಗೆ ಒತ್ತಾಯವಿಲ್ಲ. ತಮ್ಮ ಜಾಗದಲ್ಲೇ ಕೂತು ಉಳಿದವರು ಮಾಡುವುದನ್ನು ನೋಡಬಹುದು. ಇದೊಂದು ನಿಯಮವನ್ನು ನಾನು ಕಟ್ಟುನಿಟ್ಟಾಗಿ ಪಾಲಿಸಿದೆ. ಬೇಡ ಎನ್ನುವ ಜನರ ಕಷ್ಟ ನನಗೆ ಚೆನ್ನಾಗಿ ಗೊತ್ತಿತ್ತು.

ಹೆಡ್ ಮಾಸ್ತರು ಗೋಡೆಯ ಮೇಲಿಂದ ಟೊಪ್ಪಿಗೆ ಸಮೇತ ಇಣುಕಿ, "ಇದೇನ್ ಸಾಲಿ ಐತೋ ಸಂತಿ ಐತೋ ಅಕ್ಕೋರ?" ಎಂದರು. ನಾನು, "ಸಂತಿ ಅನ್ರಿ," ಎಂದೆ. ಜಗಳಕ್ಕೆ ಬಂದವರಿಗೆ ಜಗಳವೇ ಸಿಗದಿದ್ದರೆ ಏನು ಮಾಡಿಯಾರು. ತಲೆ ಒಳಗೆಳೆದುಕೊಂಡರು.

ಆ ಸೂಪಾ ಹುಡುಗಿಯ ಸರದಿ ಬಂದ ಮೊದಲ ದಿನ ನನಗೆ ಚೆನ್ನಾಗಿ ನೆನಪಿದೆ. ಎಣ್ಣೆ ಕಾಣದ ಕೆಂಚು ಕೂದಲು, ದೊಗಳೆ ಲಂಗ. ಬಿದಿರಿನ ಸೀಳುಗಳ ಮೇಲೆ ಕಣ್ಣು ನೆಟ್ಟು ಕೂತಿದ್ದಳು. "ನಿನಗ ಏನ ಬೇಕವಾ? ಇದು ಬೇಕೇನು?" ಎಂದು ಒಂದು ಸೀಳನ್ನು ಎತ್ತಿ ತೋರಿಸಿದೆ. ಅವಳು ಬಹಳ ಸಣ್ಣ ದನಿಯಲ್ಲಿ, "ಜಾಯ್," ಎಂದಳು.

"ಹೋಗ್ತಾಳಂತ್ರಿ ಅಕ್ಕೋರ!" ಎಂದು ಇಡೀ ವರ್ಗ ಕೂಗಿತು. "ಅಕಿ ದಿನಾ ಹಂಗ ಅಂತಾಳ್ರಿ!"

ಉರ್ದು ಮನೆಯ ಹುಡುಗನೊಬ್ಬ ಎದ್ದು ನಿಂತು, ತಮ್ಮ ಮನೆಯಲ್ಲೂ ಜಾಯ್ ಎಂದರೆ ಹೋಗುವುದೇ ಎಂದು ಆಣೆ ಮಾಡಿದ. ಗೋಡೆಯ ಆಚೆಯಿಂದ ಹೆಡ್ ಮಾಸ್ತರ ದನಿ ಬಂತು: "ಮರಾಠಿ ಏನು, ಕೊಂಕಣಿ ಏನು, ಜಾ ಅಂದ್ರ ಹೋಗೂದು. ನೀವು ಬರೂಕಿಂತ ಮೊದಲ ನನ್ನ ಕಡೆ ಇದ್ದಾಗಿಂದ ಅದನ್ನ ಹಾಡ್ಯಾಳ. ಏನ ಕೇಳಿದ್ರೂ ಹೋಗ್ತೇನಿ, ಹೋಗ್ತೇನಿ. ಕಳಸ್ರಿ, ಹೊರಗ ಹೋಗ್ಲಿ."

ಮೂರು ಭಾಷೆಯವರು ಕೂಡಿ ನಾಲ್ಕನೆಯದಕ್ಕೆ ಅರ್ಥ ಹೇಳಿದ್ದರು. ನಾನು ಹೂಂ ಎನ್ನುವ ಮೊದಲೇ ಹುಡುಗಿ ಎದ್ದಿದ್ದಳು. ಯಾರ ಮುಖವನ್ನೂ ನೋಡದೆ ಬಾಗಿಲು ದಾಟಿ ಜಗಲಿಯ ಪಾವಟಿಗೆಯ ಮೇಲೆ ಹೋಗಿ ಕೂತಳು. ಅವಳ ಇಷ್ಟ ಎಂದುಕೊಂಡೆ. ಮಕ್ಕಳ ಇಷ್ಟವನ್ನು ಕೇಳುವ ವರ್ಗ ತಾನೇ ನನ್ನದು.

ಆಮೇಲೆ ಅದೊಂದು ಕ್ರಮವಾಗಿ ಹೋಯಿತು. ನಾನು ಕೇಳುವುದು, ಅವಳು "ಜಾಯ್" ಎನ್ನುವುದು, ಎದ್ದು ಹೋಗುವುದು. ಹೋಗುತ್ತೇನೆ ಎಂದವಳು ಮನೆಗೆ ಮಾತ್ರ ಹೋಗುತ್ತಿರಲಿಲ್ಲ. ಡಿಪೋದ ಹಿಂದಿನ ಅವರ ಗುಡಿಸಲು ಕೂಗಳತೆಯಲ್ಲಿತ್ತು. ಆದರೂ ಶಾಲೆ ಬಿಡುವ ತನಕ, ಬೋರ್ಡು ಕಾಣುವಂತೆ ತೆರೆದ ಬಾಗಿಲಿಗೆ ಮುಖ ಮಾಡಿ, ಪಾವಟಿಗೆಯಲ್ಲೇ ಕೂತಿರುತ್ತಿದ್ದಳು. ನಾವು ಒಳಗೆ ಬೀಜದಲ್ಲಿ ಎಂಟು ಮಾಡುತ್ತಿದ್ದರೆ ಅವಳ ಮುಂದೆ ಕಲ್ಲು ಹರಳಿನ ಸಾಲು ಇರುತ್ತಿತ್ತು. ಅದನ್ನು ನಾನು ನೋಡಿದ್ದೆ. ನೋಡಿದ ಕೂಡಲೇ ತಿಳಿಯುವ ಹಾಗಿರಲಿಲ್ಲ ಆಗ ನಾನು. ಕಣ್ಣಿಗೆ ಬಿದ್ದದ್ದು ಒಳಗೆ ಇಳಿಯುತ್ತಲೇ ಇರಲಿಲ್ಲ. ಈಗ ಅದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ, ಆಗ ಬರಲಿಲ್ಲ.

ದೀಪಾವಳಿಗೆ ಮುಂಡಗೋಡದ ಹತ್ತಿರದ ಹಳ್ಳಿ ಇಂದೂರಿನ ತವರಿಗೆ ಹೋಗಿದ್ದೆ. ಅಣ್ಣ ಗೋವಿನಜೋಳದ ಬೀಜ ತರಲು ಮುಂಡಗೋಡಕ್ಕೆ ಹೊರಟಾಗ, ಮನೆಯಲ್ಲಿ ಕೂತು ಏನು ಮಾಡುತ್ತಿ ಎಂದು ನನ್ನನ್ನೂ ಕರೆದುಕೊಂಡು ಹೋದ. ಹೊಸದಾಗಿ ಬಂದು ಕಾಡಿನಂಚಿನಲ್ಲಿ ನೆಲೆಯಾಗುತ್ತಿದ್ದ ಟಿಬೆಟಿನ ಇಬ್ಬರು ಹೆಂಗಸರು ಅಂಗಡಿಯ ಮುಂದೆ ನಿಂತಿದ್ದರು. ಅಂಗಡಿಯವನು ಒಂದೊಂದೇ ಡಬ್ಬಿ ಎತ್ತಿ ತೋರಿಸುತ್ತಿದ್ದ. ಅವರು "ಬೇಕು", "ಬ್ಯಾಡ" ಎನ್ನುತ್ತಿದ್ದರು. "ಎರಡ ಮಾತ ಕಲತಾರ ನೋಡ್ರಿ," ಎಂದ ಅಂಗಡಿಯವನು ಅಣ್ಣನಿಗೆ. "ಅಷ್ಟರಾಗ ಸಂಸಾರ ನಡಸ್ತಾರ." ಅಣ್ಣ ನಕ್ಕ. ನಾನು ಆ ಹೆಂಗಸರ ಪಟ್ಟೆಪಟ್ಟೆಯ ಉಡುಪನ್ನು ನೋಡುತ್ತ ನಿಂತಿದ್ದೆ. ನನಗೇನು ಬೇಕು ಎಂದು ಅಣ್ಣ ಕೇಳಿದ. ಬಳೆ ಕೊಡಿಸಲಾರ, ಕುಂಕುಮ ಕೊಡಿಸಲಾರ. ಏನೂ ಬ್ಯಾಡ ಎಂದೆ.

ಮಾಗಿ ಕಳೆಯಿತು. ಗಿರಣಿಯ ಭೋಂಗಾ ಕೂಗಿದಾಗ ಏಳುವುದು, ಮತ್ತೆ ಕೂಗಿದಾಗ ಮನೆಗೆ ಬರುವುದು. ಸೊಟ್ಟ ಕಾಲಿನ ಹುಡುಗ ಓದಲು ಕಲಿತ. ಮಾತು ತಡೆಯುವವಳು ಮಗ್ಗಿಯ ಜೊತೆ ಸುದ್ದಿಗಳನ್ನೂ ಹಾಡತೊಡಗಿದಳು. ಮನೆಯಲ್ಲಿ ಅಪ್ಪ ಅವ್ವ ಜಗಳಾಡಿದ್ದನ್ನು ಹಾಡಿದಾಗ ನಿಲ್ಲಿಸಬೇಕಾಯಿತು. ಗೋಡೆಯ ಆಚೆಯಿಂದ ದೊಡ್ಡ ಮಕ್ಕಳು ನಮ್ಮ ಕಡೆ ಆಸೆಯಿಂದ ನೋಡುತ್ತಿದ್ದವು. ಇದು ನಡೆಯುತ್ತಿದೆ ಎಂದು ನನಗೆ ತಿಳಿಯುತ್ತಿತ್ತು. ಯಾರದೋ ಮನೆಯ ಒಲೆ ಉರಿಯುವುದನ್ನು ದೂರದಿಂದ ನೋಡಿದ ಹಾಗೆ, ಬಿಸಿ ಮಾತ್ರ ತಾಗುತ್ತಿರಲಿಲ್ಲ.

ಬೇಸಿಗೆಯಲ್ಲಿ ಪರೀಕ್ಷೆಗೆ ಹಳಿಯಾಳದಿಂದ ಡಿಪೋಟಿ ಸಾಹೇಬರು ಬಂದರು. ಶಾಲೆಗಳ ತನಿಖೆ ಮಾಡುವ ಈ ಸಾಹೇಬರ ಹೆಸರು ಕೇಳಿದರೆ ಹೆಡ್ ಮಾಸ್ತರು ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. ಅಂದು ಕೋಟಿಗೆ ಇಸ್ತ್ರಿ ಬಿದ್ದಿತ್ತು, ಛಡಿ ಅಟ್ಟಕ್ಕೆ ಹೋಗಿತ್ತು. ಹಜೇರಿ ಪೂರ್ತಿ ಇರಬೇಕೆಂದು ಪಾವಟಿಗೆಯ ಹುಡುಗಿಯನ್ನೂ ಅವರೇ ಕೈಹಿಡಿದು ಒಳಗೆ ತಂದು ಕೂರಿಸಿದರು.

ಸಾಹೇಬರು ನೆಲದ ಮೇಲೆ ಹರವಿದ್ದ ಬೀಜ ಮಣ್ಣುಗಳನ್ನು ನೋಡಿ ಹುಬ್ಬೇರಿಸಿದರು. "ಅಕ್ಕೋರು ಹೊಸಬ್ರು ಸಾಹೇಬ್ರ," ಎಂದು ಹೆಡ್ ಮಾಸ್ತರು ಮೊದಲೇ ಕೈ ತೊಳೆದುಕೊಂಡರು. ಮಕ್ಕಳು ತಮಗೆ ಬೇಕಾದ ರೀತಿಯಲ್ಲಿ ಉತ್ತರ ಹೇಳುತ್ತಾರೆ, ಹಾಗೆ ಕೇಳಬಹುದೇ ಎಂದೆ. ಸಾಹೇಬರು ವಯಸ್ಸಾದವರು. ಎಷ್ಟೋ ಶಾಲೆಗಳಲ್ಲಿ ಅದೇ ಅ ಆ ಕೇಳಿ ಅವರಿಗೂ ಬೇಸರ ಬಂದಿರಬೇಕು. "ಆಗ್ಲಿ, ನೋಡೂಣು," ಎಂದರು. ಸೊಟ್ಟ ಕಾಲಿನವನು ನಿಂತು ಬರೆದ, ಮಾತು ತಡೆಯುವವಳು ಹಾಡಿದಳು. ಸಾಹೇಬರ ಮುಖ ಸಡಿಲಾಯಿತು.

ಕೊನೆಗೆ ಸೂಪಾ ಹುಡುಗಿ. ಇವಳಿಗೆ ಏನೂ ಬರುವುದಿಲ್ಲ ಎಂದು ಹೆಡ್ ಮಾಸ್ತರು ಸಾಹೇಬರ ಕಿವಿಯಲ್ಲಿ ಹೇಳುವಷ್ಟರಲ್ಲಿ ಅವಳು ಸಾಹೇಬರು ಹೇಳಿದಷ್ಟು ಬೀಜಗಳನ್ನು ಸಾಲಾಗಿ ಇಟ್ಟಿದ್ದಳು. ತೆಗೆ ಎಂದಷ್ಟು ತೆಗೆದಳು, ಉಳಿದದ್ದನ್ನು ಬೆರಳಿನಲ್ಲಿ ತೋರಿಸಿದಳು. ಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ರಾಶಿಯಲ್ಲಿ ಸಾಹೇಬರು ಹೇಳಿದ ಒಂದೊಂದನ್ನೂ ಹುಡುಕಿ ಕೊಟ್ಟಳು. ಬಾಯಿ ಮಾತ್ರ ಬಿಡಲಿಲ್ಲ. ಹೆಡ್ ಮಾಸ್ತರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡು ಮತ್ತೆ ಹಾಕಿಕೊಂಡರು.

"ಭಾಳ ಶಾಣ್ಯಾಕಿ ಅದಾಳಲ್ರಿ!" ಎಂದರು ಸಾಹೇಬರು. ಬಗ್ಗಿ, ಪ್ರೀತಿಯಿಂದಲೇ ಕೇಳಿದರು: "ಮುಂದಿನ ಇಯತ್ತೆ ಬೇಕೇನವಾ ನಿನಗ? ಸಾಲಿ ಬೇಕೇನು?"

ಹುಡುಗಿ ಸಾಹೇಬರನ್ನು ನೋಡಿದಳು, ಹೆಡ್ ಮಾಸ್ತರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಎರಡೂ ಕೈಯನ್ನು ನೆಲಕ್ಕೆ ಊರಿ ಗಟ್ಟಿಯಾಗಿ ಕೂತು, ಎಲ್ಲರಿಗೂ ಕೇಳುವಂತೆ, "ಬ್ಯಾಡ," ಎಂದಳು.

ಅವಳ ಬಾಯಿಂದ ನಾವು ಕೇಳಿದ ಮೊದಲ ಕನ್ನಡದ ಮಾತು ಅದು. ಮಕ್ಕಳು ಗೊಳ್ಳೆಂದು ನಕ್ಕವು.

"ಬ್ಯಾಡ?" ಎಂದರು ಸಾಹೇಬರು.

"ಬ್ಯಾಡ," ಎಂದಳು ಮತ್ತೆ, ಇನ್ನೂ ಗಟ್ಟಿಯಾಗಿ.

ಸಾಹೇಬರು ನನ್ನ ಕಡೆ ತಿರುಗಿ ನಕ್ಕರು. "ಮಕ್ಕಳಿಗೆ ಬೇಕಾದ್ದ ಕೇಳಬೇಕಂತೀರಿ ಅಕ್ಕೋರ. ಕೇಳಿದೆ. ಅಕಿ ಹೇಳ್ಯಾಳ ನೋಡ್ರಿ. ಇನ್ನ ನಿಮ್ಮ ಪದ್ಧತಿ ಪ್ರಕಾರ ಏನ ಮಾಡೂದು?"

ಅವಳು ಪಾಸಾದಳು. ಅದರ ಜೊತೆಗೇ ಹೆಡ್ ಮಾಸ್ತರು ಅವಳ ಅಪ್ಪನನ್ನು ಕರೆಸಿ, ಮಗಳು ಜಾಣೆ, ಆದರೆ ಅವಳಿಗೇ ಶಾಲೆ ಬೇಡವಂತೆ, ಡಿಪೋಟಿ ಸಾಹೇಬರ ಮುಂದೆಯೇ ಹೇಳಿದಳು ಎಂದರು. ಅಪ್ಪ ಕಂಬಕ್ಕೆ ಒರಗಿದ. "ಬ್ಯಾಡ ಅಂದ್ರ ಬ್ಯಾಡ," ಎಂದ. ರವಿವಾರ ಮಧ್ಯಾಹ್ನ ಸೂಪಾಕ್ಕೆ ಹೋಗುವ ಲಾರಿಯಲ್ಲಿ ಕರೆದುಕೊಂಡು ಹೋಗಿ ಊರಿಗೆ ಬಿಟ್ಟು ಬರುತ್ತೇನೆ ಎಂದ. ಹುಡುಗಿ ಅವನ ಹಿಂದೆ ನಡೆದಳು. ಕೈಯಲ್ಲಿ ಪಾಟಿ ಇತ್ತು.

ಆ ರವಿವಾರ ಬೆಳಿಗ್ಗೆ ಅತ್ತೆಗೆ ಮೊಳಕಾಲು ಹಿಡಿದುಕೊಂಡಿತ್ತು. ಸಂತೆಗೆ ನಾನೇ ಹೋಗಬೇಕಾಯಿತು. ಸಾಮಾನ್ಯವಾಗಿ ನಾನು ಸಂತೆಗೆ ಹೋದರೂ ಹೊತ್ತು ಏರಿದ ಮೇಲೆ, ವ್ಯಾಪಾರ ಶುರುವಾದ ಮೇಲೆ. ಬರಿ ಹಣೆಯವಳು ಬೋಣಿಗೆಯ ಹೊತ್ತಿಗೆ ಎದುರಿಗೆ ನಿಂತರೆ ದಿನದ ವ್ಯಾಪಾರ ಕೆಟ್ಟಿತು ಎನ್ನುವವರಿದ್ದರು. ಬಾಯಿ ಬಿಟ್ಟು ಹೇಳುವವರು ಕಡಿಮೆ. ಬುಟ್ಟಿಯ ಮೇಲಿನ ಅರಿವೆಯನ್ನು ತೆಗೆಯದೆ ಬೇರೆ ಕಡೆ ನೋಡುತ್ತ ಕೂರುತ್ತಿದ್ದರು. ನಾನು ಮುಂದೆ ಹೋಗುತ್ತಿದ್ದೆ.

ಅಂದು ಸೂಪಾ ಕಡೆಯ ಒಬ್ಬ ಮುದುಕಿ ಆಗಷ್ಟೇ ಬುಟ್ಟಿ ಇಳಿಸಿದ್ದಳು. ಮುತ್ತುಗದೆಲೆಯ ದೊನ್ನೆಗಳಲ್ಲಿ ಕಪ್ಪಗೆ ಹೊಳೆಯುವ ಕವಳಿ ಹಣ್ಣು. ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ನಾನು ತಿಳಿಯದೆ ಎದುರಿಗೆ ನಿಂತಿದ್ದೆ. ಮುದುಕಿ ತಲೆ ಎತ್ತಿ ನನ್ನನ್ನು ನೋಡಿ, "ಜಾಯ್?" ಎಂದಳು.

ಅದರ ಅರ್ಥ ನನಗೆ ಈಗ ಗೊತ್ತಿತ್ತಲ್ಲ, ಇಡೀ ವರ್ಗವೇ ಕಲಿಸಿತ್ತು. ಹೋಗು ಎನ್ನುತ್ತಿದ್ದಾಳೆ. ಇವಳು ಕಡೆಗೆ ಬಾಯಿ ಬಿಟ್ಟೇ ಹೇಳಿದಳು. ನನಗೆ ಸಿಟ್ಟು ಬರಲಿಲ್ಲ, ಅವಮಾನವೂ ಆಗಲಿಲ್ಲ. ತಿರುಗಿ ಹೊರಟೆ.

ಹಿಂದಿನಿಂದ ನನ್ನ ಸೆರಗು ಜಗ್ಗಿತು. ಮುದುಕಿ ಎದ್ದು ಬಂದು ಸೆರಗು ಹಿಡಿದಿದ್ದಳು. "ಜಾಯ್? ಜಾಯ್?" ಎನ್ನುತ್ತ ದೊನ್ನೆಯನ್ನು ನನ್ನ ಮುಖದ ಹತ್ತಿರ ಹಿಡಿದಳು. ನಾನು ಪಿಳಿಪಿಳಿ ನೋಡುವುದನ್ನು ಕಂಡು ಅವಳಿಗೆ ನಗು ಬಂತು. ಒಂದು ಹಣ್ಣು ತೆಗೆದು ತನ್ನ ಬಾಯಿಗೆ ಹಾಕಿಕೊಂಡು, ತಲೆ ಜೋರಾಗಿ ಕುಣಿಸಿ, "ಜಾಯ್!" ಎಂದಳು. ಆಮೇಲೆ ದೊನ್ನೆಯನ್ನು ದೂರ ಸರಿಸಿ, ಮುಖ ಕಿವುಚಿ, ಕೈ ಬೀಸಿ, "ನಾಕಾ!" ಎಂದಳು. ಮತ್ತೆ ನನ್ನ ಮುಖ ನೋಡಿದಳು. ದಡ್ಡ ಮಗುವಿಗೆ ನಾನೂ ಹೀಗೆಯೇ ಹೇಳಿಕೊಡುತ್ತಿದ್ದೆ.

ಬೇಕೇನು ಎಂದು ಕೇಳುತ್ತಿದ್ದಳು. ಅವಳ ಬೋಣಿಗೆಯನ್ನು ನನಗೆ ಕೊಡಲು ನಿಂತಿದ್ದಳು.

ಕೈಯಲ್ಲಿ ದೊನ್ನೆ ಹಿಡಿದುಕೊಂಡು ಸಂತೆಯ ನಡುವೆ ನಿಂತೆ. ಜಾಯ್ ಎಂದರೆ ಬೇಕು. ಬಿದಿರಿನ ಸೀಳು ಬೇಕೇನು ಎಂದು ಕೇಳಿದಾಗ ಆ ಹುಡುಗಿ ಬೇಕು ಎಂದಿದ್ದಳು. ಹೆಡ್ ಮಾಸ್ತರು ಕೇಳಿದಾಗಲೆಲ್ಲ ಬೇಕು ಎಂದಿದ್ದಳು. ನಾನು ಬಂದ ಮೇಲೂ ದಿನ ದಿನವೂ ಬೇಕು ಎಂದಳು, ದಿನ ದಿನವೂ ಹೊರಗೆ ಹೋದಳು. ನಮ್ಮ ಶಾಲೆ ಅವಳಿಗೆ ಕಲಿಸಿದ್ದು ಇಷ್ಟು: ಇಲ್ಲಿ ಬೇಕು ಎಂದವರನ್ನು ಹೊರಗೆ ಕಳಿಸುತ್ತಾರೆ, ಬ್ಯಾಡ ಎಂದವರನ್ನು ಒಳಗೆ ಕೂರಲು ಬಿಡುತ್ತಾರೆ. ಆದ್ದರಿಂದ ಒಳಗೆ ಉಳಿಯಬೇಕೆಂದು, ಸಾಹೇಬರ ಮುಂದೆ ನೆಲವನ್ನು ಗಟ್ಟಿಯಾಗಿ ಹಿಡಿದು, ತನಗೆ ಬರುವಷ್ಟು ಕನ್ನಡದಲ್ಲಿ ಅವಳು ಬ್ಯಾಡ ಎಂದಿದ್ದಳು.

ಕಾಯಿಪಲ್ಯೆಯ ಚೀಲವನ್ನು ಯಾರದೋ ಅಂಗಡಿಯಲ್ಲಿಟ್ಟು ನಾಟಾ ಡಿಪೋದ ಕಡೆ ನಡೆದೆ. ನಡೆದೆ ಎಂದು ಬರೆಯುತ್ತಿದ್ದೇನೆ, ಓಡಿದ್ದೆ. ಗಂಡ ಹೋದ ಮೇಲೆ ನಾನು ಯಾತಕ್ಕೂ ಅವಸರ ಮಾಡಿರಲಿಲ್ಲ. ದಾರಿಯಲ್ಲಿ ಚಾಳಿನ ಹೆಂಗಸೊಬ್ಬಳು, "ಯಾಕ್ರಿ, ಏನಾತ್ರಿ?" ಎಂದು ಕೂಗಿದಳು. ತಿರುಗಿ ನೋಡಲಿಲ್ಲ.

ಗುಡಿಸಲಿನ ಮುಂದೆ ಗಂಟು ಸಿದ್ಧವಾಗಿತ್ತು. ಪಾಟಿಯನ್ನೂ ಅದರಲ್ಲೇ ಕಟ್ಟಿದ್ದರು, ಅರಿವೆಯ ಒಳಗಿಂದ ಅದರ ಮೂಲೆ ಚುಚ್ಚಿಕೊಂಡು ಕಾಣುತ್ತಿತ್ತು. ಅಪ್ಪ ನನ್ನನ್ನು ಕಂಡು ಗಾಬರಿಯಾಗಿ ಎದ್ದು, ಒಳಗೆ ಕರೆದು, ಮಣೆ ಹಾಕಿ ಕೂರಿಸಿದ. ಹುಡುಗಿ ಒಲೆಯ ಹತ್ತಿರ ಮುದುಡಿ ಕೂತಿದ್ದಳು. ನಾನು ಏದುಸಿರು ಬಿಡುತ್ತ ಹೇಳಿದೆ: "ಅಕಿಗೆ ಸಾಲಿ ಬೇಕಾಗೇತಿ. ನಾವು ತಪ್ಪ ತಿಳಕೊಂಡೇವಿ. ನೀವ ನಿಮ್ಮ ಮಾತಿನಾಗ ಕೇಳ್ರಿ."

ಅಪ್ಪನಿಗೆ ಪೂರ್ತಿ ತಿಳಿಯಲಿಲ್ಲ. ಆದರೂ ದೊಡ್ಡವರು ಮನೆಗೆ ಬಂದು ಕೇಳಿದ್ದಾರೆ ಎಂಬ ಮರ್ಯಾದೆಗೆ ಮಗಳ ಕಡೆ ತಿರುಗಿದ. "ಶಾಳಾ ಜಾಯ್ ಕಾಯ್ ನಾಕಾ?" ಎಂದ. ಆ ಎರಡು ಮಾತೂ ಈಗ ನನಗೆ ಗೊತ್ತಿದ್ದವು.

ಹುಡುಗಿ ಅಪ್ಪನನ್ನು ನೋಡಿದಳು. ಅವನು ಕೇಳಿದ್ದು ಮನೆಯ ಮಾತಿನಲ್ಲಿ. ಅಲ್ಲಿ ಜಾಯ್ ಎಂದರೆ ಅನ್ನ ಸಿಗುತ್ತಿತ್ತು, ನೀರು ಸಿಗುತ್ತಿತ್ತು. ಆಮೇಲೆ ನನ್ನನ್ನು ನೋಡಿದಳು. ನಾನೆಂದರೆ ಅವಳಿಗೆ ಶಾಲೆ. ಅವಳು ಬ್ಯಾಡ ಎಂದುಬಿಡುತ್ತಾಳೆ ಎಂದು ನನಗೆ ಹೆದರಿಕೆಯಾಯಿತು. ಅವಳು ಬೇಕು ಎನ್ನಬೇಕು ಎಂದು ನನಗೆ ಎಷ್ಟು ಬೇಕಾಗಿತ್ತೆಂದರೆ, ಅಷ್ಟು ದಿನ ಸತ್ತುಹೋಗಿದೆ ಎಂದುಕೊಂಡಿದ್ದ ಏನೋ ಒಂದು ಎದೆಯಲ್ಲಿ ನೋಯತೊಡಗಿತು.

"ಜಾಯ್," ಎಂದಳು, ಕೇಳಿಸದಷ್ಟು ಮೆಲ್ಲಗೆ.

ಹೇಳಿದವಳೇ ಎದ್ದಳು. ಲಂಗ ಸರಿಮಾಡಿಕೊಂಡು, ನಮ್ಮಿಬ್ಬರನ್ನೂ ನೋಡದೆ, ಬಾಗಿಲು ದಾಟಿ ಹೋಗಿ ಹೊರಗೆ ಗೋಡೆಗೆ ಒರಗಿ ಕೂತಳು.

"ಬೇಕು ಅಂದಳಲ್ರಿ," ಎಂದ ಅಪ್ಪ. "ಹೊರಗ ಯಾಕ ಹೋದಳು?" ನನ್ನ ಕಣ್ಣಿಂದ ನೀರು ಇಳಿಯುತ್ತಿತ್ತು. ಅವನು ಇನ್ನೂ ಗಾಬರಿಯಾದ. "ಬೇಕಂದ್ರ ಇರ್ಲಿ ಬಿಡ್ರಿ, ಅಕ್ಕೋರ, ಇರ್ಲಿ," ಎಂದು ನನ್ನನ್ನು ಸಮಾಧಾನ ಮಾಡುವವನಂತೆ ಹೇಳಿ, ಗಂಟನ್ನು ಒಳಗೆಳೆದುಕೊಂಡು ಪಾಟಿ ತೆಗೆಯಲು ಬಿಚ್ಚತೊಡಗಿದ.

ನಾನು ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದೆ. ಹುಡುಗಿ ತಲೆ ಎತ್ತಿ ನನ್ನ ಅತ್ತ ಮುಖ ನೋಡಿದಳು. ನಾನೂ ಒಳಗೆ ಏನೋ ಬೇಕು ಎಂದಿರಬೇಕು, ನನ್ನನ್ನೂ ಹೊರಗೆ ಕಳಿಸಿರಬೇಕು ಎಂದುಕೊಂಡಳೋ ಏನೋ, ಸ್ವಲ್ಪ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟಳು.